ಮೂರು ಗಿಡಗಳಲ್ಲಿ ಯಾವುದನ್ನು ಕೊಳ್ಳಲಿ?

ಪ್ರಶ್ನೆ: ಕುಂಡದಲ್ಲಿ ಪುಟ್ಟ ಮರ ಬೆಳೆಸುವ ಬೋನ್ಸಾಯ್ ಹುಚ್ಚು ಹತ್ತಿ ಎರಡು ವರ್ಷ ಆಯಿತು. ಉಡುಗೊರೆಯಾಗಿ ಬಂದ ಎರಡು ಗಿಡಗಳಲ್ಲಿ ಒಂದು ಸತ್ತಿತು. ಇನ್ನೊಂದು, ಗಡ್ಡೆಯಂಥ ಬೇರಿನ ಫೈಕಸ್ (ಆಲದ ಜಾತಿಯ ಗಿಡ), ಬದುಕಿದೆ. ಆದರೆ ಅದನ್ನು ನೋಡಿದರೆ ಮರ ಅನ್ನಿಸುವುದಿಲ್ಲ. ಈಗ ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ, ಜಾಸ್ತಿ ಏನಿಲ್ಲ. ಒಂದೇ ಒಂದು ಒಳ್ಳೆಯ ಗಿಡ ತಗೋಬೇಕು ಅಂತ ಆಸೆ. ಬೆಳೆಗಾರರೊಬ್ಬರ ಹತ್ತಿರ ಮೂರು ಗಿಡ ನೋಡಿ ಬಂದೆ. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ. ಒಂದು ದೊಡ್ಡ ಫೈಕಸ್, ಕಾಂಡ ‘ಎಸ್’ ಅಕ್ಷರದ ಹಾಗೆ ಬಳುಕಿದೆ, ಕುಂಡ ಬಹಳ ಚೆನ್ನಾಗಿದೆ. ಇನ್ನೊಂದು ಜುನಿಪರ್ ಅನ್ನುವ ಚಳಿನಾಡಿನ ನಿತ್ಯಹಸಿರು ಗಿಡ, ತಂತಿ ಸುತ್ತಿ ಪಾಚಿ ಹಾಸಿ ಸಿಂಗಾರ ಮಾಡಿಟ್ಟಿದ್ದಾರೆ. ಮೂರನೆಯದು ಚೈನೀಸ್ ಎಲ್ಮ್ ಅನ್ನುವ ಸಣ್ಣ ಎಲೆಯ ಮರ. ಪ್ಲಾಸ್ಟಿಕ್ ಕುಂಡ, ಅಡ್ಡಾದಿಡ್ಡಿ ಕೊಂಬೆ, ಬೊಡ್ಡೆ ಮಾತ್ರ ದಪ್ಪ. ಅವರು ಮೂರನೆಯದನ್ನೇ ತಗೊಳ್ಳಿ ಅನ್ನುತ್ತಾರೆ. ಮಾರಾಟ ಆಗದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾರಾ? ಗಿಡ ಇಡುವುದಕ್ಕೆ ಬಾಲ್ಕನಿ ಇದೆ, ಬೆಳಗಿನ ಹೊತ್ತು ನಾಲ್ಕು ಗಂಟೆಗಳ ಕಾಲ ಬಿಸಿಲು ಬೀಳುತ್ತದೆ.

ಉತ್ತರ: ಅವರು ತಲೆಗೆ ಕಟ್ಟುತ್ತಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ನಾನಾಗಿದ್ದರೆ ಆ ಒರಟು ಎಲ್ಮ್‌ನ ಮುಂದೆಯೇ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಕೊಳ್ಳುತ್ತಿದ್ದೆ ಅಂತ ಇನ್ನೂ ಹೇಳಿಲ್ಲ ನೋಡಿ. ನೀವು ಬರೆದ ವಿವರದಲ್ಲಿ ಅದರ ಬುಡದ ಬೇರಿನ ಸುದ್ದಿಯೇ ಇಲ್ಲ. ಅದನ್ನು ನೋಡದೆ ದುಡ್ಡು ಬಿಚ್ಚಬೇಡಿ.

ಬೋನ್ಸಾಯ್‌ಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಬೆಳೆಸಿದವರು ಕಳೆದ ವರ್ಷಗಳಿಗೆ ಹೋಗುತ್ತದೆ. ಅದರಲ್ಲಿ ಕೆಲವು ವರ್ಷಗಳ ಕೆಲಸವನ್ನು ನೀವೇ ಬಾಲ್ಕನಿಯಲ್ಲಿ ಮಾಡಿಕೊಳ್ಳಬಹುದು. ಕೆಲವನ್ನು ಏನು ಮಾಡಿದರೂ ಆಗುವುದಿಲ್ಲ. ದುಡ್ಡು ಕಮ್ಮಿ ಇದ್ದಾಗ ನಿಮ್ಮ ಕೈಯಲ್ಲಿ ಆಗದ್ದನ್ನು ಕೊಳ್ಳಬೇಕು, ಆಗುವುದನ್ನು ಬಿಡಬೇಕು. ನಾನು ಹೇಳುವುದು ಇಷ್ಟೇ. ಮಿಕ್ಕಿದ್ದೆಲ್ಲ ಇದರ ವಿವರ.

ನಿಮ್ಮ ಕೈಯಲ್ಲಿ ಆಗದ್ದು ಬೊಡ್ಡೆ. ಗಿಡ ಬೋನ್ಸಾಯ್‌ನ ಸಣ್ಣ ಟ್ರೇಗೆ (ಆಳವಿಲ್ಲದ ಕುಂಡಕ್ಕೆ) ಬಂದ ದಿನದಿಂದ ಅದರ ಬೊಡ್ಡೆ ದಪ್ಪವಾಗುವುದು ಹೆಚ್ಚುಕಮ್ಮಿ ನಿಂತ ಹಾಗೆಯೇ. ಕಾಂಡ ಊದಬೇಕಾದರೆ ಮೇಲೆ ರಾಶಿ ಎಲೆ ಬೇಕು, ಕೆಳಗೆ ಬೇರು ಓಡಾಡಲು ಜಾಗ ಬೇಕು. ಅದಕ್ಕೇ ಬೆಳೆಗಾರರು ಎಳೆ ಗಿಡವನ್ನು ನೆಲದಲ್ಲಿ ನೆಟ್ಟು ಮನಸೋಇಚ್ಛೆ ಬೆಳೆಯಲು ಬಿಡುತ್ತಾರೆ. ಆಳೆತ್ತರ ಮೀರಿ ಹೋದ ಮೇಲೆ ಗೇಣುದ್ದ ಉಳಿಸಿ ಕಡಿಯುತ್ತಾರೆ. ಕಡಿದ ಜಾಗದ ಕೆಳಗೆ ಚಿಗುರು ಒಡೆಯುತ್ತದೆ. ಅದರಲ್ಲಿ ಒಂದನ್ನು ಹೊಸ ತುದಿ ಮಾಡಿಕೊಂಡು ಮತ್ತೆ ಓಡಲು ಬಿಡುತ್ತಾರೆ, ಮತ್ತೆ ಕಡಿಯುತ್ತಾರೆ. ಹೀಗೆ ಎರಡು ಮೂರು ಸುತ್ತು ಆದಾಗ ಬುಡ ಮುಂಗೈ ದಪ್ಪ, ನಡು ಹೆಬ್ಬೆರಳು ದಪ್ಪ, ತುದಿ ಕಡ್ಡಿಯಷ್ಟು ಸಣ್ಣ ಆಗುತ್ತದೆ. ಗೇಣುದ್ದದ ಗಿಡ ನಮ್ಮ ಕಣ್ಣಿಗೆ ದೊಡ್ಡ ಮರದ ಹಾಗೆ ಕಾಣುವುದು ಈ ಇಳಿಕೆಯಿಂದ. ಇದಕ್ಕೆ ಏಳೆಂಟು ವರ್ಷ, ಕೆಲವು ಜಾತಿಗೆ ಹದಿನೈದು ವರ್ಷವೂ ಬೇಕು. ಬಾಲ್ಕನಿಯಲ್ಲಿ ಟ್ರೇ ಇಟ್ಟುಕೊಂಡು ಇದನ್ನು ಮಾಡುತ್ತೇನೆ ಅಂದರೆ ಆಗದ ಮಾತು.

ಕೊಂಬೆಗಳ ಕತೆ ಬೇರೆ. ಎಲ್ಮ್ ಅಂಥ ಗಿಡದಲ್ಲಿ ಬೇಡದ ಕೊಂಬೆ ಕಡಿದು, ಬೇಕಾದ ಕಡೆ ಚಿಗುರು ಎಬ್ಬಿಸಿ, ಮೂರು ನಾಲ್ಕು ವರ್ಷದಲ್ಲಿ ಹೊಸ ತಲೆಯನ್ನೇ ಕಟ್ಟಬಹುದು. ಕುಂಡವನ್ನು ಮುಂದೆ ಬದಲಾಯಿಸಿಕೊಳ್ಳಬಹುದು. ಪಾಚಿ ಹಾಸುವುದು ಅರ್ಧ ಗಂಟೆ ಕೆಲಸ. ಆದರೆ ಹೊಸಬರ ಕಣ್ಣು ಮೊದಲು ಹೋಗುವುದು ಈ ಮೂರರ ಮೇಲೇ, ಅಲ್ವಾ? ಸೊಂಪಾದ ಎಲೆ, ಚಂದದ ಕುಂಡ, ಹಸಿರು ಪಾಚಿ. ಒಂದು ಕಾಲದಲ್ಲಿ ನನ್ನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು.

ನೀವು ನೋಡಿದ ಫೈಕಸ್ ಅನ್ನೇ ತಗೊಳ್ಳಿ. ಆ ‘ಎಸ್’ ಆಕಾರದ ಗಿಡಗಳನ್ನು ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬೆಳೆಸುತ್ತಾರೆ. ಎಳೆಯ ಕಾಂಡವನ್ನು ಬಗ್ಗಿಸಿ ಕಟ್ಟಿ ಬಿಡುತ್ತಾರೆ, ಅದು ಹಾಗೇ ಬಲಿಯುತ್ತದೆ. ಇನ್ನೊಂದು ಸಲ ಹೋದಾಗ ಎರಡು ವಿಷಯ ನೋಡಿ. ಒಂದು, ಬುಡದ ಹತ್ತಿರ ಒಮ್ಮೆ, ಮೇಲಿನ ತಿರುವಿನ ಹತ್ತಿರ ಒಮ್ಮೆ ಹೆಬ್ಬೆರಳು ಮತ್ತು ತೋರುಬೆರಳಿನ ಉಂಗುರದಲ್ಲಿ ಹಿಡಿದು ನೋಡಿ. ಎರಡೂ ಕಡೆ ಒಂದೇ ದಪ್ಪ ಇದ್ದರೆ ಅದು ನೀರಿನ ಪೈಪು ಬಗ್ಗಿಸಿಟ್ಟ ಹಾಗೆ. ಎರಡು, ಗಿಡವನ್ನು ಪಕ್ಕಕ್ಕೆ ತಿರುಗಿಸಿ ನೋಡಿ. ಮುಂದಿನಿಂದ ಬಳುಕಿದ್ದ ಕಾಂಡ ಪಕ್ಕದಿಂದ ಕೋಲಿನ ಹಾಗೆ ನೆಟ್ಟಗೆ ಕಾಣುತ್ತದಾ? ಹಾಗಿದ್ದರೆ ಬಳುಕು ಒಂದೇ ದಿಕ್ಕಿಗೆ ಇದೆ ಅಂತ. ನಿಜವಾದ ಮರದ ಬಳುಕು ಮುಂದೆ, ಹಿಂದೆ, ಪಕ್ಕಕ್ಕೆ ಎಲ್ಲ ಕಡೆ ಓಡಾಡುತ್ತದೆ. ಒಂದು ತಿರುವು ಇನ್ನೊಂದರಷ್ಟೇ ಅಂತರದಲ್ಲಿ ಇರುವುದೂ ಇಲ್ಲ. ಇಷ್ಟು ದಪ್ಪ ಆದಮೇಲೆ ಅದನ್ನು ತಿದ್ದುತ್ತೇನೆ ಅಂದರೆ ನಡೆಯುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಇಲ್ಲಿ ಕಷ್ಟ ಅದರ ಉಲ್ಟಾ. ಗಿಡವಾಗಿದ್ದಾಗ ತಪ್ಪಾಗಿ ಬಗ್ಗಿದ್ದನ್ನು ಮರವಾದ ಮೇಲೆ ನೆಟ್ಟಗೆ ಮಾಡಲು ಆಗುವುದಿಲ್ಲ.

ನಿಮ್ಮ ಮನೆಯಲ್ಲಿರುವ ಗಡ್ಡೆ ಬೇರಿನ ಫೈಕಸ್ ಬಗ್ಗೆಯೂ ಎರಡು ಮಾತು. ಅದರ ಹೆಸರಿನ ಜೊತೆ ‘ಜಿನ್ಸೆಂಗ್’ ಅಂತ ಸೇರಿಸಿ ಮಾರುತ್ತಾರೆ. ಬೀಜದಿಂದ ಬೆಳೆಸಿ, ಊದಿದ ಬೇರನ್ನು ಮಣ್ಣಿನ ಮೇಲೆ ಎತ್ತಿಟ್ಟು, ಅದರ ತಲೆ ಕಡಿದು ಸಣ್ಣ ಎಲೆಯ ಇನ್ನೊಂದು ತಳಿಯನ್ನು ಕಸಿ ಮಾಡಿರುತ್ತಾರೆ. ಕಸಿಯ ಕೆಳಗೆ ಯಾವತ್ತಾದರೂ ಚಿಗುರು ಬಂದರೆ ನೋಡಿ, ಅದರ ಎಲೆಯೇ ಬೇರೆ ಥರ ಇರುತ್ತದೆ. ಅದನ್ನು ನೋಡಿದರೆ ಮರ ಅನ್ನಿಸುವುದಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಇದು. ಗಟ್ಟಿ ಜೀವದ ಗಿಡ, ಬೈಯುವಂಥದ್ದಲ್ಲ. ಒಳ್ಳೆಯ ಬೋನ್ಸಾಯ್‌ನ ಬೆಲೆ ಕೊಡುವಂಥದ್ದೂ ಅಲ್ಲ.

ಈಗ ಜುನಿಪರ್. ಇಲ್ಲಿ ನನ್ನದೇ ಒಂದು ಪೆಟ್ಟು ಹೇಳಿಬಿಡುತ್ತೇನೆ. ನಾನು ಮೊದಲು ‘ನಿಜವಾದ’ ಬೋನ್ಸಾಯ್ ಅಂತ ದುಡ್ಡು ಕೊಟ್ಟು ತಂದದ್ದು ಜುನಿಪರ್. ಪಾಚಿ, ಹೊಳೆಯುವ ತಂತಿ, ಎಲ್ಲ ನೀವು ಬರೆದ ಹಾಗೇ. ದಿನಾ ನೀರು ಹಾಕಿದೆ, ದಿನಾ ತಿರುಗಿಸಿ ನೋಡಿದೆ, ಬಂದವರಿಗೆಲ್ಲ ತೋರಿಸಿದೆ. ಒಂದೂವರೆ ತಿಂಗಳು ಹಸಿರಾಗಿಯೇ ಇತ್ತು. ಆಮೇಲೆ ಆ ಹಸಿರು ಮಂಕಾಯಿತು. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಒಣ ಕಂದು ಬಣ್ಣ. ಕುಂಡದಿಂದ ಎತ್ತಿದರೆ ಗಿಡ ಬುಡಸಮೇತ ಕೈಗೆ ಬಂತು. ಬೇರು ಅನ್ನುವುದು ಎರಡು ಗಿಡ್ಡ ತುಂಡು, ಅಷ್ಟೇ. ನನ್ನ ಮನೆಗೆ ಬರುವ ಮುಂಚೆಯೇ ಅದು ಸತ್ತಿತ್ತು. ನಾನು ಆರು ವಾರ ಹೆಣಕ್ಕೆ ನೀರು ಹಾಕಿದ್ದೆ.

ಜುನಿಪರ್‌ನ ಗುಣವೇ ಅದು. ಬೇರು ಸತ್ತರೂ ಎಲೆಯ ಬಣ್ಣ ವಾರಗಟ್ಟಲೆ ಹೋಗುವುದಿಲ್ಲ. ಒಂದೇ ಸಲಕ್ಕೆ ಕೊಂಬೆ ಕಡಿದು, ತಂತಿ ಸುತ್ತಿ ಬಗ್ಗಿಸಿ, ಬೇರು ಕತ್ತರಿಸಿ ಸಣ್ಣ ಕುಂಡಕ್ಕೆ ತುರುಕಿದರೆ ಅದು ತಡೆಯುವುದಿಲ್ಲ. ಮಾರುವವರಿಗೆ ಅದು ಆರು ವಾರ ಹಸಿರಾಗಿ ನಿಂತರೆ ಸಾಕು. ನಿಮ್ಮ ಬೆಳೆಗಾರರು ಹಾಗೆ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಎಲ್ಮ್ ತಗೊಳ್ಳಿ ಅಂದವರು ಪ್ರಾಮಾಣಿಕರೇ ಇರಬೇಕು. ಆದರೂ ಕೇಳಿ, ಕುಂಡಕ್ಕೆ ಹಾಕಿ ಎಷ್ಟು ದಿನ ಆಯಿತು ಅಂತ. ಒಂದು ವರ್ಷ ಆಗಿಲ್ಲ ಅಂದರೆ ಬಿಟ್ಟುಬಿಡಿ. ಕಾಂಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುಂಡದ ಜೊತೆ ಒಂದಾಗಿ ಅಲುಗಬೇಕು, ಹಲ್ಲು ಅಲುಗಿದ ಹಾಗೆ ಅಲುಗಬಾರದು. ರೆಂಬೆಯ ತುದಿಗಳಲ್ಲಿ ಎಳೆ ಹಸಿರು ಬೆಳವಣಿಗೆ ಇದೆಯಾ ನೋಡಿ. ಅದಿದ್ದರೆ ಬೇರು ಕೆಲಸ ಮಾಡುತ್ತಿದೆ ಅಂತ ಅರ್ಥ.

ಜುನಿಪರ್ ಮನೆಯೊಳಗೆ ಬದುಕುವುದಿಲ್ಲ ಅನ್ನುವುದು ಇನ್ನೊಂದು ಮಾತು. ‘ಒಳಾಂಗಣ ಬೋನ್ಸಾಯ್’ ಅಂತ ಚೀಟಿ ಅಂಟಿಸಿ ಅದನ್ನು ಮಾರುವವರನ್ನು ನೋಡಿದ್ದೇನೆ. ಅದಕ್ಕೆ ಬಿಸಿಲು ಬೇಕು, ಗಾಳಿ ಬೇಕು, ಚಳಿಗಾಲದ ವಿಶ್ರಾಂತಿಯೂ ಬೇಕು. ಮೇಪಲ್, ಪೈನ್ ಕೂಡ ಹಾಗೇ. ಚಳಿಯೇ ಬೀಳದ ಕಡೆ ಇರುವವರು ಇಂಥವನ್ನು ಮೊದಲ ಗಿಡವಾಗಿ ತರಬಾರದು. ಅವರಿಗೆ ಫೈಕಸ್, ಜೇಡ್, ಹುಣಸೆ, ಬೋಗನ್‌ವಿಲ್ಲಾ ಇವೆಯಲ್ಲ. ನಿಮ್ಮ ಬಾಲ್ಕನಿಯ ಬೆಳಗಿನ ಬಿಸಿಲು ಎಲ್ಮ್‌ಗೆ, ಫೈಕಸ್‌ಗೆ ಸಾಕು. ಬ್ಲ್ಯಾಕ್ ಪೈನ್‌ಗೆ ಸಾಲುವುದಿಲ್ಲ, ಅದಕ್ಕೆ ದಿನವಿಡೀ ಬಿಸಿಲು ಬೇಕು.

ಇನ್ನು ಎಲ್ಮ್. ಹೊಸಬರ ತಪ್ಪುಗಳನ್ನು ಇದರಷ್ಟು ಸಹಿಸಿಕೊಳ್ಳುವ ಗಿಡ ಕಮ್ಮಿ. ಹಳೆಯ ಮರದ ಮೇಲೂ ಚಿಗುರು ಒಡೆಯುತ್ತದೆ. ಬೇರಿನ ತುಂಡು ನೆಟ್ಟರೂ ಬರುತ್ತದೆ. ಎಲೆ ಮೊದಲೇ ಸಣ್ಣದು, ಸವರುತ್ತಾ ಹೋದರೆ ಇನ್ನೂ ಸಣ್ಣದಾಗುತ್ತದೆ. ಚಳಿ ಇದ್ದ ಕಡೆ ಎಲೆ ಉದುರಿಸುತ್ತದೆ, ಬೆಚ್ಚಗಿದ್ದ ಕಡೆ ಎಲೆ ಉಳಿಸಿಕೊಂಡೇ ಇರುತ್ತದೆ.

ನೋಡಲು ಹೋಗುವಾಗ ಒಂದು ಟೇಪು, ಒಂದು ಮೊಂಡು ಕಡ್ಡಿ ಜೇಬಿನಲ್ಲಿ ಇರಲಿ. ಗಿಡವನ್ನು ನಿಮ್ಮ ಕಣ್ಣಿನ ಎತ್ತರಕ್ಕೆ ಇಟ್ಟುಕೊಳ್ಳಿ. ಬೋನ್ಸಾಯ್ ಅನ್ನು ಮೇಲಿನಿಂದ ಬಗ್ಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೆಲದ ಮೇಲಿದ್ದರೆ ನೀವೇ ಕೂತುಬಿಡಿ. ಬೆಳೆಗಾರರನ್ನು ಕೇಳಿಕೊಂಡು ಕಾಂಡದ ಸುತ್ತ ಮೇಲ್ಮಣ್ಣನ್ನು ಕಡ್ಡಿಯಿಂದ ಕೆರೆಯಿರಿ. ಒಂದು ಬೆರಳಿನ ಆಳ ಸಾಕು. ಒಳ್ಳೆಯ ಬೆಳೆಗಾರ ಇದಕ್ಕೆ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಅದೂ ಒಂದು ಉತ್ತರವೇ.

ಅಲ್ಲಿ ಏನು ಹುಡುಕಬೇಕು? ಕಾಂಡ ನೆಲಕ್ಕೆ ಇಳಿಯುವ ಕಡೆ ಅಗಲವಾಗಬೇಕು. ಅಲ್ಲಿಂದ ಬೇರುಗಳು ಸುತ್ತಲೂ, ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ, ಹೊರಕ್ಕೆ ಹರಡಬೇಕು. ಹಳೆಯ ಮರದ ಬುಡ ನೆಲವನ್ನು ಬೆರಳುಗಳಿಂದ ಹಿಡಿದು ಕೂತ ಹಾಗೆ ಇರುತ್ತದಲ್ಲ, ಹಾಗೆ. ಜಪಾನೀಯರು ಇದಕ್ಕೆ ‘ನೆಬಾರಿ’ ಅನ್ನುತ್ತಾರೆ. ನೀವು ಯಾರ ಹತ್ತಿರ ಬೋನ್ಸಾಯ್ ಮಾತಾಡಿದರೂ ಈ ಪದ ಬಂದೇ ಬರುತ್ತದೆ. ನಾಲ್ಕೂ ಕಡೆ ಇದ್ದರೆ ಬಹಳ ಒಳ್ಳೆಯದು. ಮೂರು ಕಡೆ ಇದ್ದು ಹಿಂದುಗಡೆ ಖಾಲಿ ಇದ್ದರೂ ನಡೆಯುತ್ತದೆ. ಒಂದೇ ಕಡೆ ಒಂದು ದಪ್ಪ ಬೇರು, ಮಿಕ್ಕ ಕಡೆ ಬೋಳು, ಅಥವಾ ಒಂದು ಬೇರು ಕಾಂಡವನ್ನೇ ಹಾವಿನ ಹಾಗೆ ಸುತ್ತಿಕೊಂಡಿದೆ ಅಂದರೆ ನಿಮ್ಮ ಎಲ್ಮ್‌ನ ಬೆಲೆ ಅರ್ಧ ಇಳಿಯಬೇಕು.

ಟೇಪಿನ ಕೆಲಸ ಬೊಡ್ಡೆಗೆ. ಬೇರು ಹರಡುವ ಜಾಗದ ಸ್ವಲ್ಪ ಮೇಲೆ ಕಾಂಡದ ಅಡ್ಡಳತೆ ನೋಡಿ. ಅದರ ಆರು ಪಟ್ಟು ಎತ್ತರ ಇದ್ದರೆ ಗಿಡ ಹದವಾಗಿ ಕಾಣುತ್ತದೆ ಅನ್ನುವುದು ಹಳೆಯ ಲೆಕ್ಕ. ಬೊಡ್ಡೆ 4 ಸೆಂಟಿಮೀಟರ್ ಇದ್ದರೆ ಗಿಡ 24 ಸೆಂಟಿಮೀಟರ್ ಸುಮಾರು. ಇದು ಶಾಸನ ಏನಲ್ಲ. ಸಪೂರವಾಗಿ ಎತ್ತರಕ್ಕೆ ಹೋಗುವ ಶೈಲಿಯ ಗಿಡಗಳಿಗೆ ಇದು ಅನ್ವಯಿಸುವುದೂ ಇಲ್ಲ. ಆದರೆ ಹೊಸಬರಿಗೆ ಒಂದು ದಾರಿ ತೋರಿಸುತ್ತದೆ. ನಿಮ್ಮ ಎಲ್ಮ್ 50 ಸೆಂಟಿಮೀಟರ್ ಎತ್ತರ ಇದ್ದು ಬೊಡ್ಡೆ 5 ಇದೆ ಅಂದುಕೊಳ್ಳಿ. ಲೆಕ್ಕಕ್ಕೆ ಕೂರುತ್ತಿಲ್ಲ ಅಂತ ಬಿಡಬೇಡಿ. 30ರ ಹತ್ತಿರ ಒಂದು ಒಳ್ಳೆಯ ಕೊಂಬೆ ಇದೆಯಾ ನೋಡಿ. ಇದ್ದರೆ ಅಲ್ಲಿಗೆ ಕಡಿದು, ಆ ಕೊಂಬೆಯನ್ನು ಹೊಸ ತುದಿ ಮಾಡಿಕೊಳ್ಳಬಹುದು. ಎತ್ತರ ಕಮ್ಮಿ ಮಾಡಲು ಒಂದು ಗರಗಸ ಸಾಕು. ದಪ್ಪ ಜಾಸ್ತಿ ಮಾಡಲು ಹತ್ತು ವರ್ಷ ಬೇಕು.

ಆಮೇಲೆ ಗಾಯಗಳು. ನೆಲದಲ್ಲಿ ಬೆಳೆಸಿ ಕಡಿದ ಗಿಡ ಅಂದಮೇಲೆ ಕಡಿದ ಗುರುತು ಎಲ್ಲೋ ಇದ್ದೇ ಇರುತ್ತದೆ. ಹಿಂದುಗಡೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ ಇದ್ದರೆ ಅಂಚನ್ನು ಬೆರಳಿಂದ ಮುಟ್ಟಿ. ತೊಗಟೆ ಉಂಗುರದ ಹಾಗೆ ಉಬ್ಬಿ ಒಳಕ್ಕೆ ಉರುಳುತ್ತಾ ಬರುತ್ತಿದ್ದರೆ ಗಾಯ ಮುಚ್ಚುತ್ತಿದೆ. ಅಂಚು ಕಪ್ಪಾಗಿ, ಒಳಗಿನ ಮರ ಮೆತ್ತಗಾಗಿ ಉಗುರು ಇಳಿಯುತ್ತಿದ್ದರೆ ಅದು ಕೊಳೆ. ಇಂಥ ಗಿಡ ಬೇಡ.

ನಾನು ದೋಷಗಳನ್ನು ಎರಡು ರಾಶಿ ಮಾಡಿ ನೋಡುತ್ತೇನೆ. ಒಂದು ಅಗ್ಗದ ದೋಷ, ಇನ್ನೊಂದು ದುಬಾರಿ ದೋಷ. ಕೆಟ್ಟ ಕುಂಡ, ಕೆಟ್ಟ ಮಣ್ಣು, ಕೆದರಿದ ತಲೆ, ಎಲೆಯಿಲ್ಲದ ಉದ್ದುದ್ದ ಕೊಂಬೆ, ತಪ್ಪಾಗಿ ಆರಿಸಿದ ಮುಂಭಾಗ, ಇವೆಲ್ಲ ಅಗ್ಗದ ದೋಷ. ಗಿಡವನ್ನು 40 ಡಿಗ್ರಿ ತಿರುಗಿಸಿದರೆ ಬೇರೆಯೇ ಮರ ಸಿಗುವುದುಂಟು. ಹೊಸಬರು ಕುಂಡ ಹೇಗಿದೆಯೋ ಅದೇ ಮುಂಭಾಗ ಅಂದುಕೊಳ್ಳುತ್ತಾರೆ. ದುಬಾರಿ ದೋಷಗಳಲ್ಲಿ ಮೊದಲನೆಯದು ಉಲ್ಟಾ ಇಳಿಕೆ. ಒಂದೇ ಜಾಗದಿಂದ ನಾಲ್ಕೈದು ಕೊಂಬೆ ಹೊರಟರೆ ಅಲ್ಲಿ ಕಾಂಡ ಗಂಟಿನ ಹಾಗೆ ಊದಿ, ಕೆಳಗಿನದಕ್ಕಿಂತ ಮೇಲೆ ದಪ್ಪ ಆಗಿರುತ್ತದೆ. ಆಮೇಲೆ ಒಂದೇ ಕಡೆಯ ಬೇರು, ಎದ್ದು ಕಾಣುವ ಕಸಿ ಗಂಟು, ಕಾಂಡದಲ್ಲಿ ಆಳವಾಗಿ ಕೂತ ತಂತಿಯ ಸುರುಳಿ ಗುರುತು. ಗೂಟಿ ಕಟ್ಟಿ ಹೊಸ ಬೇರು ತರಿಸುವಂಥ ಉಪಾಯಗಳು ಇವೆ, ಎಲ್ಮ್‌ನಲ್ಲಿ ಚೆನ್ನಾಗಿಯೇ ಆಗುತ್ತವೆ. ಆದರೆ ಮೊದಲ ಗಿಡದ ಮೇಲೆ ಆ ಪ್ರಯೋಗ ಯಾಕೆ?

ಮಾರುವವರು ಎರಡೂ ರಾಶಿಗೆ ಒಂದೇ ಥರ ಬೆಲೆ ಇಳಿಸುತ್ತಾರೆ. ನೋಡಲು ಚೆನ್ನಾಗಿಲ್ಲ, ಹಾಗಾಗಿ ಕಮ್ಮಿ, ಅಷ್ಟೇ ಅವರ ಲೆಕ್ಕ. ಕಮ್ಮಿ ದುಡ್ಡಿನವರಿಗೆ ಲಾಭ ಸಿಗುವುದು ಇಲ್ಲೇ. ಬರೀ ಅಗ್ಗದ ದೋಷಗಳಿಂದ ಬೆಲೆ ಇಳಿದ ಗಿಡ ಹುಡುಕಿ. ನಿಮ್ಮ ಎಲ್ಮ್ ಅಂಥದ್ದೇ ಇರಬಹುದು ಅಂತ ನನ್ನ ಅನುಮಾನ.

ವಯಸ್ಸಿನ ಮಾತಿಗೆ ಮರುಳಾಗಬೇಡಿ. ‘ಇದು 25 ವರ್ಷದ ಗಿಡ’ ಅಂದ ತಕ್ಷಣ ಕೈ ಜೇಬಿಗೆ ಹೋಗುತ್ತದೆ. 25 ವರ್ಷ ಸಣ್ಣ ಕುಂಡದಲ್ಲೇ ಕೂತಿದ್ದ ಗಿಡ ನೋಡಲು ಐದು ವರ್ಷದ ಹಾಗೆ ಇರಬಹುದು. ನೆಲದಲ್ಲಿ ಹತ್ತು ವರ್ಷ ಇದ್ದದ್ದು ಅಜ್ಜನ ಹಾಗೆ ಕಾಣಬಹುದು. ಕಾಣುವುದಕ್ಕೆ ದುಡ್ಡು ಕೊಡಿ, ಹೇಳುವುದಕ್ಕಲ್ಲ. ವಯಸ್ಸಿಗೇ ಬೆಲೆ ಇರುವ ಗಿಡಗಳೂ ಇವೆ. ವಾಷಿಂಗ್ಟನ್‌ನ ನ್ಯಾಷನಲ್ ಅರ್ಬೊರೇಟಂ ಅನ್ನುವ ಮರಗಳ ಉದ್ಯಾನದಲ್ಲಿ ಒಂದು ಜಪಾನೀ ವೈಟ್ ಪೈನ್ ಇದೆ. 1625ರಿಂದ ಅದನ್ನು ಬೋನ್ಸಾಯ್ ಆಗಿ ಸಾಕುತ್ತಾ ಬಂದಿದ್ದಾರೆ. 1945ರಲ್ಲಿ ಹಿರೋಷಿಮಾದಲ್ಲಿ ಬಾಂಬ್ ಬಿದ್ದ ಜಾಗದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿದ್ದು ಉಳಿದುಕೊಂಡಿತು. ಸಾಕಿದ್ದ ಯಾಮಾಕಿ ಮನೆತನದವರು 1976ರಲ್ಲಿ ಅಮೆರಿಕಕ್ಕೆ ಉಡುಗೊರೆ ಕೊಟ್ಟರು. ಬಾಂಬಿನ ವಿಷಯ ಅಲ್ಲಿನವರಿಗೆ ಗೊತ್ತಾದದ್ದು 2001ರಲ್ಲಿ, ಆ ಮನೆಯ ಮೊಮ್ಮಕ್ಕಳು ಮರವನ್ನು ನೋಡಲು ಬಂದಾಗ. ಅಲ್ಲಿ ಮನೆತನವೇ ಸಾಕ್ಷಿ. ಚೀಟಿಯ ಮೇಲೆ ಪೆನ್ನಲ್ಲಿ ಬರೆದ 25ಕ್ಕೆ ಯಾರು ಸಾಕ್ಷಿ?

ಗಾತ್ರದ ಬಗ್ಗೆ. ಅದೇ ದುಡ್ಡಿಗೆ ದೊಡ್ಡ ಸಾಧಾರಣ ಗಿಡ, ಸಣ್ಣ ಒಳ್ಳೆಯ ಗಿಡ ಎರಡೂ ಸಿಗುತ್ತವೆ. ಸಣ್ಣದನ್ನೇ ತಗೊಳ್ಳಿ. ಆದರೆ ತೀರಾ ಅಂಗೈಯಲ್ಲಿ ಹಿಡಿಸುವಂಥದ್ದು ಬೇಡ. ಅದರ ಮಣ್ಣು ಒಂದು ಹಿಡಿ ಮಾತ್ರ, ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲ ನೀರು ಕೇಳುತ್ತದೆ. ಒಂದು ಮಧ್ಯಾಹ್ನ ಮರೆತರೆ ಮುಗಿಯಿತು. 20ರಿಂದ 30 ಸೆಂಟಿಮೀಟರ್ ನಿಮಗೆ ಸರಿ.

ಕೂಡಿಟ್ಟ ದುಡ್ಡನ್ನೆಲ್ಲ ಗಿಡಕ್ಕೇ ಸುರಿಯಬೇಡಿ. ಮುಕ್ಕಾಲು ಪಾಲು ಗಿಡಕ್ಕೆ, ಕಾಲು ಪಾಲು ಮಣ್ಣು, ಗೊಬ್ಬರ, ಒಂದು ಹರಿತವಾದ ಕತ್ತರಿ, ಸ್ವಲ್ಪ ಅಲ್ಯೂಮಿನಿಯಂ ತಂತಿಗೆ. ಮಣ್ಣು ಅಂದರೆ ತೋಟದ ಮಣ್ಣಲ್ಲ. ಪ್ಯೂಮಿಸ್ ಅನ್ನುವ ಹಗುರ ಕಲ್ಲು, ಲಾವಾ ಕಲ್ಲು, ಜಪಾನಿನ ಅಕಡಾಮಾ ಅನ್ನುವ ಜೇಡಿಮಣ್ಣಿನ ಕಾಳು, ಏನೂ ಸಿಗದಿದ್ದರೆ ಸುಟ್ಟ ಇಟ್ಟಿಗೆಯ ಚೂರು. ಜರಡಿ ಹಿಡಿದು ಪುಡಿ ತೆಗೆದ 2ರಿಂದ 6 ಮಿಲಿಮೀಟರ್ ಕಾಳುಗಳು. ನೀರು ಹಾಕಿದ ಕೂಡಲೇ ಕೆಳಗಿನ ತೂತಿನಿಂದ ಹರಿದು ಹೋಗಬೇಕು, ಕಾಳು ಕಾಳಿನ ನಡುವೆ ಗಾಳಿ ಉಳಿಯಬೇಕು. ಚಂದದ ಕುಂಡ ಈಗ ಬೇಡವೇ ಬೇಡ. ಗಿಡದ ರೂಪ ತೀರ್ಮಾನ ಆಗುವ ಮುಂಚೆ ಕುಂಡ ಕೊಳ್ಳುವುದು ಅಂದರೆ ಅಳತೆ ಕೊಡದೆ ಬಟ್ಟೆ ಹೊಲಿಸಿದ ಹಾಗೆ. ಕೊಂಬೆ ಕಡಿಯುವ, ಬಾಗಿದ ಬಾಯಿಯ ದುಬಾರಿ ಕಟ್ಟರ್ ಕೂಡ ಆಮೇಲೆ ನೋಡೋಣ.

ಹುಳಗಳನ್ನೂ ನೋಡಿಯೇ ಬನ್ನಿ. ಎಲೆಯ ಕೆಳಗೆ, ಕೊಂಬೆಯ ಸಂದಿನಲ್ಲಿ ಹತ್ತಿಯ ಹಾಗೆ ಬಿಳಿ ಕಂಡರೆ ಹಿಟ್ಟು ತಿಗಣೆ. ಬಿಳಿ ಹಾಳೆ ಹಿಡಿದು ಅದರ ಮೇಲೆ ರೆಂಬೆ ತಟ್ಟಿ. ಬಿದ್ದ ಚುಕ್ಕೆಗಳು ಓಡಾಡಿದರೆ ನುಸಿ. ಎರಡೂ ವಾಸಿಯಾಗುವ ಕಾಯಿಲೆಗಳೇ, ಆದರೆ ಮನೆಯ ಬೇರೆ ಗಿಡಗಳಿಗೆ ಹರಡುತ್ತವೆ.

ಕಾಲದ ವಿಷಯ. ಎಲೆ ಉದುರಿಸಿರುವ ಎಲ್ಮ್ ಸಿಕ್ಕರೆ ನಿಮ್ಮ ಅದೃಷ್ಟ, ಕೊಂಬೆಗಳ ಅಸ್ಥಿಪಂಜರ ಪೂರಾ ಕಾಣುತ್ತದೆ. ಈಗ ಎಲೆ ತುಂಬಿದ್ದರೆ ಕೈಯಿಂದ ಎಲೆ ಸರಿಸಿ ಒಳಗಿನ ಕೊಂಬೆ ನೋಡಿ. ಕೊಳ್ಳಲು ಒಳ್ಳೆಯ ಸಮಯ ಅಂದರೆ ಚಿಗುರು ಶುರುವಾಗುವ ಹೊತ್ತು. ಗಿಡಕ್ಕೆ ಜಾಗ ಬದಲಾದ ಸುಸ್ತು ಆಗ ಬೇಗ ಹೋಗುತ್ತದೆ. ಇನ್ನೊಂದು ಗುಟ್ಟು: ಬೋನ್ಸಾಯ್ ಹವ್ಯಾಸಿಗಳು ಜಾಗ ಸಾಲದೆ, ವಯಸ್ಸಾಗಿ, ಮನೆ ಬದಲಾಯಿಸಿ ಗಿಡ ಕೊಡುತ್ತಿರುತ್ತಾರೆ. ನನ್ನ ಹತ್ತಿರ ಇರುವ ಒಳ್ಳೆಯ ಗಿಡಗಳಲ್ಲಿ ಎರಡು ಹೀಗೆ ಬಂದದ್ದು. ಜೊತೆಗೆ ಅದರ ಪೂರ್ತಿ ಕತೆಯೂ ಸಿಕ್ಕಿತು. ಯಾವ ವರ್ಷ ಬೇರು ಕತ್ತರಿಸಿದ್ದು, ಯಾವ ಕೊಂಬೆ ಯಾಕೆ ಕಡಿದದ್ದು, ಎಲ್ಲ.

ತಂದ ಮೇಲೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ಕೆಲವು ತಿಂಗಳು ಏನೂ ಮಾಡಬೇಡಿ. ಕೈ ಕಡಿಯುತ್ತದೆ, ಗೊತ್ತು. ಕತ್ತರಿಯನ್ನು ಬೀರುವಿನಲ್ಲಿಡಿ. ಬಿಸಿಲು ಬೀಳುವ ಜಾಗದಲ್ಲಿಟ್ಟು ನೀರು ಹಾಕಿ. ದಿನಕ್ಕೆ ಇಷ್ಟು ಅಂತ ಲೆಕ್ಕ ಇಟ್ಟು ಹಾಕಬೇಡಿ, ಬೆರಳು ಮಣ್ಣಿಗೆ ಇಳಿಸಿ ನೋಡಿ. ಮೇಲೆ ಒಣಗಿ ಒಳಗೆ ಇನ್ನೂ ತೇವ ಇರುವಾಗ ಹಾಕಿ, ಹಾಕಿದಾಗ ತೂತಿನಿಂದ ನೀರು ಬರುವವರೆಗೂ ಹಾಕಿ. ಮಣ್ಣು ಬದಲಾಯಿಸುವುದು ಮುಂದಿನ ಚಿಗುರಿನ ಹೊತ್ತಿಗೆ. ಆ ವರ್ಷ ಬೇರಿನ ಕೆಲಸ ಮಾಡಿದರೆ ಮೇಲಿನ ಕೊಂಬೆಗಳ ಕೆಲಸ ಬೇಡ. ನನ್ನ ಜುನಿಪರ್ ಕತೆ ನೆನಪಿದೆಯಲ್ಲ.

ಇನ್ನೊಂದು ಸಲ ಹೋದಾಗ ಎಲ್ಮ್‌ನ ಬುಡ ಕೆರೆದು ನೋಡಿ ಬೇರು ಚೆನ್ನಾಗಿಲ್ಲ ಅಂತ ಗೊತ್ತಾದರೆ ಜುನಿಪರ್‌ಗೋ ಫೈಕಸ್‌ಗೋ ಹಾರಬೇಡಿ. ಅದರ ಜೊತೆಗೇ ನೆಲದಿಂದ ಎತ್ತಿದ ಬೇರೆ ಎಲ್ಮ್‌ಗಳು ಇವೆಯಾ ಕೇಳಿ. ಹೀಗೆ ಬೆಳೆಸುವವರು ಒಂದೇ ಗಿಡ ಬೆಳೆಸಿರುವುದು ಅಪರೂಪ. ಹಿಂದುಗಡೆ ಸಾಲಿನಲ್ಲಿ ಹತ್ತು ಇರುತ್ತವೆ, ನಿಮಗೆ ತೋರಿಸಿದ್ದು ಒಂದು. ಖಾಲಿ ಕೈಯಲ್ಲಿ ಬಂದರೂ ಪರವಾಗಿಲ್ಲ.

ಮನೆಯಲ್ಲಿರುವ ಆ ಗಡ್ಡೆ ಫೈಕಸ್ ಅನ್ನು ಮಾತ್ರ ಎಸೆಯಬೇಡಿ. ಅದರ ಮೇಲೆ ಗಟ್ಟಿಯಾಗಿ ಅಂಟಿಸಿದ ಕಲ್ಲುಗಳಿದ್ದರೆ ಇವತ್ತೇ ಕಿತ್ತು ಹಾಕಿ. ಅವು ಸಾಗಿಸುವಾಗ ಮಣ್ಣು ಚೆಲ್ಲದಿರಲಿ ಅಂತ ಅಂಟಿಸಿದ್ದು, ನೀರು ಒಳಗಿಳಿಯಲು ಬಿಡುವುದಿಲ್ಲ. ಆಮೇಲೆ ಅದರ ಕೊಂಬೆಗಳ ಮೇಲೆ ತಂತಿ ಸುತ್ತುವುದನ್ನು ಕಲಿಯಿರಿ. ಕೊಂಬೆಯ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ, ಓರೆಯಾಗಿ, ಒತ್ತೊತ್ತಾಗಿ ಅಲ್ಲದೆ. ಬಿಚ್ಚುವಾಗ ಸುತ್ತಿದ ಹಾಗೆ ಬಿಚ್ಚಲು ಹೋಗಬೇಡಿ, ಕೊಂಬೆ ಮುರಿಯುತ್ತದೆ. ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಎಲ್ಮ್‌ನ ಒಂದು ರೆಂಬೆಗೆ ತಂತಿ ಮುಟ್ಟಿಸುವ ಮುಂಚೆ ಈ ಫೈಕಸ್ ಮೇಲೆ ಹತ್ತು ಸಲವಾದರೂ ಸುತ್ತಿ, ಕತ್ತರಿಸಿ ತೆಗೆದಿರಬೇಕು. ಕೊಂಬೆ ಮುರಿದರೆ ಗಿಡ ಹಾಲಿನಂಥ ರಸ ಸುರಿಸುತ್ತದೆ, ಎರಡು ವಾರದಲ್ಲಿ ಪಕ್ಕದಲ್ಲೇ ಚಿಗುರುತ್ತದೆ.